ಆರು ವರ್ಷ ಬಳಸಿದ ಕ್ವಾಟರ್ನರಿ ಪಂಪ್: ಒತ್ತಡ ಸರಿಯಿದ್ದೂ ಮಿಶ್ರಣ ಕೆಟ್ಟಾಗ

ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಈ ಪಂಪನ್ನು ಆರು ವರ್ಷದಿಂದ ಹೆಚ್ಚುಕಡಿಮೆ ದಿನವೂ ಓಡಿಸುತ್ತಿದ್ದೇನೆ. ನಾಲ್ಕು ದ್ರಾವಕಗಳು ಪಂಪಿನೊಳಗೆ ಹೋಗುವ ಮುಂಚೆಯೇ ಯಾವುದು ಎಷ್ಟು ಹೋಗಬೇಕೋ ಅಷ್ಟನ್ನೇ ಬಿಡುವ ಪ್ರೊಪೋರ್ಷನಿಂಗ್ ವಾಲ್ವಿನಲ್ಲಿ ಕಡಿಮೆ ಒತ್ತಡದಲ್ಲಿ ಬೆರೆಯುವ ಮಾದರಿ ಇದು. ದ್ರಾವಕದಲ್ಲಿ ಕರಗಿದ ಗಾಳಿ ತೆಗೆಯುವ ಡಿಗ್ಯಾಸರ್ ಆಫ್ ಮಾಡಿ ಓಡಿಸುವ ಯೋಚನೆಯನ್ನೇ ಮಾಡಬೇಡಿ, ಗುಳ್ಳೆ ಬಂದೇ ಬರುತ್ತದೆ.

ಒತ್ತಡದ ತೊಂದರೆಗಳು ಬೇಗ ಸಿಕ್ಕಿಬೀಳುತ್ತವೆ. ಅಸಿಟೋನೈಟ್ರೈಲ್ ಎಂಬ ದ್ರಾವಕ ಹೆಚ್ಚು ಹರಿಸಿದರೆ, ದ್ರವ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವಿನ ಮಾಣಿಕ್ಯದ ಗುಂಡು ಅಂಟಿಕೊಂಡು ಒತ್ತಡದ ಗೆರೆ ಗರಗಸದ ಹಲ್ಲಿನಂತಾಗುತ್ತದೆ. ಬಿಚ್ಚಿ ಐಸೊಪ್ರೊಪನಾಲಿನಲ್ಲಿ ಮುಳುಗಿಸಿ ಅಲ್ಟ್ರಾಸೌಂಡಿನಿಂದ ತೊಳೆಯುವ ಸಾನಿಕೇಟರಿನಲ್ಲಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೆಥನಾಲ್–ನೀರಿನ ಪ್ರಮಾಣ ಬದಲಿಸುತ್ತ ಹೋಗುವ ಗ್ರೇಡಿಯಂಟಿನ ನಡುವೆ ಒತ್ತಡ ಏರಿ ಇಳಿದರೆ ಗಾಬರಿ ಬೇಡ. ಸುಮಾರು ಅರ್ಧಕ್ಕರ್ಧ ಮಿಶ್ರಣದ ಸ್ನಿಗ್ಧತೆ ಎರಡೂ ದ್ರಾವಕಗಳಿಗಿಂತ ಹೆಚ್ಚು.

ನನ್ನನ್ನು ಎರಡು ವಾರ ಸತಾಯಿಸಿದ್ದು ಮಿಶ್ರಣ. ಮೂರನೇ ವರ್ಷದಲ್ಲಿ, 8.2 ನಿಮಿಷಕ್ಕೆ ಬರಬೇಕಾದ ಪೀಕ್ (ವಸ್ತು ಹೊರಬಂದಾಗ ಗೆರೆಯಲ್ಲಿ ಏಳುವ ಶಿಖರ) ಒಮ್ಮೆ 7.9ಕ್ಕೆ, ಇನ್ನೊಮ್ಮೆ 7.6ಕ್ಕೆ ಬರತೊಡಗಿತು. ಒತ್ತಡದಲ್ಲಿ ಕಣ್ಣಿಗೆ ಬೀಳುವಂಥ ಏರುಪೇರು ಇಲ್ಲ. ವಸ್ತುಗಳು ಬೇರ್ಪಡುವ ಕೊಳವೆಯಾದ ಕಾಲಂ ಬದಲಿಸಿದೆ, ಸೀಲು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಪೀಕ್ ಯಾವಾಗಲೂ ಬೇಗವೇ ಬರುತ್ತಿದೆ, ತಡವಾಗಿ ಒಮ್ಮೆಯೂ ಇಲ್ಲ ಎಂಬುದನ್ನು ಆಗಲೇ ಗಮನಿಸಬೇಕಿತ್ತು: ಅಸಿಟೋನೈಟ್ರೈಲ್ ಹೆಚ್ಚಾದರೆ ಪೀಕ್ ಬೇಗ ಬರುತ್ತದೆ, ಅಂದರೆ ಕೇಳಿದ್ದಕ್ಕಿಂತ ಹೆಚ್ಚು ಹೋಗುತ್ತಿತ್ತು.

ಕೊನೆಗೆ ಬಫರನ್ನೂ (ಆಮ್ಲತೆ ಸ್ಥಿರವಾಗಿಡುವ ಉಪ್ಪಿನ ದ್ರಾವಣ) ಅಸಿಟೋನೈಟ್ರೈಲನ್ನೂ ಬೇರೆಬೇರೆ ಅಳೆದು ಕೈಯಲ್ಲೇ ಬೆರೆಸಿದೆ. ಬೆರೆಸಿದೊಡನೆ ಬಾಟಲಿ ಮುಟ್ಟಿದರೆ ತಣ್ಣಗಿರುತ್ತದೆ, ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ಗಾಳಿ ತೆಗೆದು, ವಾಲ್ವನ್ನು ತಪ್ಪಿಸಿ, ನೇರ ಪಂಪಿಗೆ ಜೋಡಿಸಿದೆ. ಆರು ಇಂಜೆಕ್ಷನ್, ಆರೂ 8.2. ಅಂದರೆ ತೊಂದರೆ ವಾಲ್ವಿನದೇ ಇರಬೇಕು. ಖಚಿತಪಡಿಸಿಕೊಳ್ಳಲು ಕಾಲಂ ತೆಗೆದು ಅದರ ಜಾಗಕ್ಕೆ ಸಣ್ಣ ಕ್ಯಾಪಿಲರಿ ಹಾಕಿ, ಬಫರಿನ ಕೊಳವೆಗೆ ನೀರು, ಅಸಿಟೋನೈಟ್ರೈಲಿನ ಕೊಳವೆಗೆ ಶೇಕಡಾ 0.1 ಅಸಿಟೋನ್ ಇರುವ ನೀರು ಕೊಟ್ಟು ಅಸಿಟೋನ್ ಹೀರಿಕೊಳ್ಳುವ 265 ನ್ಯಾನೋಮೀಟರಿನ ಬೆಳಕಿನಲ್ಲಿ ನೋಡಿದೆ. ಅಸಿಟೋನ್ ನೀರಿನ ಪಾಲನ್ನು ಶೇಕಡಾ 10ರ ಮೆಟ್ಟಿಲುಗಳಲ್ಲಿ ಏರಿಸುವ ಮುಂಚೆ, ಸೊನ್ನೆಯಲ್ಲೇ ನೇರವಾಗಿರಬೇಕಾದ ಗೆರೆ (ಬೇಸ್‌ಲೈನ್) ಅಲೆಯುತ್ತಿತ್ತು. ಮುಚ್ಚಿರಬೇಕಾದ ದಾರಿಯಿಂದ ಅಸಿಟೋನ್ ನುಸುಳುತ್ತಿತ್ತು.

ತಪ್ಪು ನಮ್ಮದೇ. ಫಾಸ್ಫೇಟ್ ಬಫರನ್ನು ವಾಲ್ವಿನ ಮೇಲಿನ ರಂಧ್ರಕ್ಕೆ, ಅಸಿಟೋನೈಟ್ರೈಲನ್ನು ಕೆಳಗಿನದಕ್ಕೆ ಕೊಟ್ಟಿದ್ದೆವು. ಪಂಪ್ ನಿಂತಾಗ ಭಾರವಾದ ಬಫರ್ ಕೆಳಗಿಳಿದು, ಅಸಿಟೋನೈಟ್ರೈಲಿಗೆ ಸೇರಿ, ಉಪ್ಪು ಹರಳುಗಟ್ಟಿ ವಾಲ್ವ್ ಪೂರ್ತಿ ಮುಚ್ಚದಂತೆ ಮಾಡಿತ್ತು. ನೀರಿನಲ್ಲಿ ನಿಧಾನವಾಗಿ ತೊಳೆದರೂ ಸರಿಹೋಗದೆ ಹೊಸ ವಾಲ್ವ್ ಹಾಕಿಸಬೇಕಾಯಿತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಡಿತ ಕೈಪಿಡಿಗೆ: ಇಷ್ಟು ಮುಖ್ಯವಾದ ಮಾತು ಅದರೊಳಗೆಲ್ಲೋ ಹುದುಗಿದೆ, ವಾಲ್ವಿನ ಮೇಲೇ ಅಚ್ಚಾಗಿರಬೇಕಿತ್ತು. ಈಗ ಅಲ್ಲಿ ನಾನು ಬರೆದು ಅಂಟಿಸಿದ ಚೀಟಿ ಇದೆ: ‘ಬಫರ್ ಕೆಳಗೆ’.