ಗುತ್ತಿಗೆದಾರರ ಸೇವೆ: ಮರಗೆಲಸ ಸೊಗಸು, ಲೆಕ್ಕ ಸಡಿಲ

ಮಡಿಕೇರಿಯ ಸಮೀಪದ ನಮ್ಮ ಹೆಂಚಿನ ಮನೆಯ ದುರಸ್ತಿಯನ್ನು ಕಳೆದ ಮಳೆಗಾಲ ಮುಗಿದೊಡನೆ ಸ್ಥಳೀಯ ಗುತ್ತಿಗೆದಾರರೊಬ್ಬರಿಗೆ ವಹಿಸಿದ್ದೆವು. ಮರಗೆಲಸಕ್ಕೆ ಪೂರ್ಣ ಅಂಕ ಕೊಡಬಹುದು. ಲೆಕ್ಕದ ಶಿಸ್ತಿಗೆ ಕೊಡಲಾಗದು. ಹೆಂಚು ಇಳಿಸಿದ ಮೇಲಷ್ಟೇ ಪಕ್ಕಾಸುಗಳಿಗೆ (ಹೆಂಚಿನ ಭಾರ ಹೊರುವ ಮಾಡಿನ ಮರಗಳಿಗೆ) ಗೆದ್ದಲು ಹಿಡಿದು, ಬೆರಳಿನಿಂದ ಒತ್ತಿದರೆ ಪುಡಿಯಾಗುವಷ್ಟು ಟೊಳ್ಳಾಗಿರುವುದು ಕಂಡುಬಂದು, 6 ಲಕ್ಷ ರೂಪಾಯಿಯ ಅಂದಾಜು 9 ಲಕ್ಷಕ್ಕೆ ಏರಿತು. ಒಪ್ಪಂದಕ್ಕೆ ಮುನ್ನವೇ ನಾಲ್ಕು ಹೆಂಚು ಸರಿಸಿ ನೋಡಬೇಕಿತ್ತು. ಅದನ್ನು ಕೇಳದೇ ಇದ್ದುದು ನಮ್ಮ ತಪ್ಪೂ ಹೌದು. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದ್ದರೂ, ನವೆಂಬರಿನ ಲೆಕ್ಕದಲ್ಲಿ ಹಳೆಯ ದರವನ್ನೇ ಹಿಡಿದಿದ್ದರು. ಕೇಳಿದ ಬಳಿಕ ತಿದ್ದಿಕೊಟ್ಟರು. ಹೆಚ್ಚುವರಿ ಕೆಲಸಕ್ಕೆ ಮುಂಚಿತವಾಗಿ ಬರಹದಲ್ಲಿ ಒಪ್ಪಿಗೆ ಪಡೆಯದಿದ್ದರೆ ಹಣ ಕೊಡುವುದಿಲ್ಲವೆಂದು ಪಟ್ಟು ಹಿಡಿದ ಮೇಲೆಯೇ ಖರ್ಚು ಹತೋಟಿಗೆ ಬಂತು. ಕಾಫಿ ಗಿಡ ಹೂಬಿಡಲು ನೆರವಾಗುವ ಬೇಸಿಗೆಯ ಹೂಮಳೆಗೆ ಮುನ್ನ ಹೆಂಚು ಹೊದಿಸಿ ಮುಗಿಸಿದರು, ಎಲ್ಲಿಯೂ ಸೋರಲಿಲ್ಲ.