ಸೈಲ್ಯಾಬ್: ಮಾರ್ಜಿನ್ ಅರ್ಥ ಆಗ್ಬೇಕಾ ಹಾಕ್ಕೊಳ್ಳಿ, ಆದ್ರೆ ಆ ಹರ್ಟ್ಜ್ ಕಾಟ ಒಂದಿದೆ

ಕಂಟ್ರೋಲ್ ಸಿಸ್ಟಮ್ಸ್ ಪೇಪರನ್ನ ಸೆಮಿಲಾಗ್ ಶೀಟ್ ಮೇಲೆ ಪೆನ್ಸಿಲ್‌ನಲ್ಲಿ ಬೋಡೆ ಪ್ಲಾಟ್ (ಫ್ರೀಕ್ವೆನ್ಸಿ ಬದಲಾದ್ರೆ ಸಿಸ್ಟಮ್‌ನ ಗೇನ್, ಫೇಸ್ ಹೇಗೆ ಬದಲಾಗುತ್ತೆ ಅನ್ನೋ ಗ್ರಾಫ್) ಗೀಚಿಯೇ ಪಾಸ್ ಮಾಡ್ದೋನು ನಾನು. ಸ್ಕೇಲ್ ಇಟ್ಟು ಅಳೆದು ಗೇನ್ ಮಾರ್ಜಿನ್ ಇಷ್ಟು ಫೇಸ್ ಮಾರ್ಜಿನ್ ಇಷ್ಟು (ಸಿಸ್ಟಮ್ ಹತೋಟಿ ತಪ್ಪೋಕೆ ಇನ್ನೆಷ್ಟು ಜಾಗ ಇದೆ ಅನ್ನೋ ಎರಡು ಅಳತೆ) ಅಂತ ಬರೆದ್ರೆ ಮಾರ್ಕ್ಸ್ ಬೀಳ್ತಿತ್ತು, ಅದು ಯಾತಕ್ಕೆ ಅಂತ ಯಾರೂ ಹೇಳ್ಲಿಲ್ಲ ನಾನೂ ಕೇಳ್ಲಿಲ್ಲ. ಈಗ ತಂಗಿ ಮಗನಿಗೆ ಅದೇ ಚಾಪ್ಟರ್ ಹೇಳ್ಕೊಡೋ ಗ್ರಹಚಾರ ಬಂದಿದ್ದಕ್ಕೆ ಸೈಲ್ಯಾಬ್ ಅನ್ನೋ ಲೆಕ್ಕ, ಸಿಮ್ಯುಲೇಶನ್ ಮಾಡೋ ಸಾಫ್ಟ್‌ವೇರ್ ಹಾಕ್ಕೊಂಡೆ. ಫ್ರಾನ್ಸ್‌ನ ಇನ್ರಿಯಾ ಅನ್ನೋ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು, ಪೂರ್ತಿ ಫ್ರೀ, ನಮ್ಮ ಕಡೆ ಐಐಟಿ ಬಾಂಬೆಯ ಫಾಸಿ (FOSSEE) ಅನ್ನೋ ಫ್ರೀ ಸಾಫ್ಟ್‌ವೇರ್ ಯೋಜನೆಯೋರು ಕಾಲೇಜುಗಳಿಗೆ ಪರಿಚಯ ಮಾಡಿಸ್ತಿರೋದೂ ಇದನ್ನೇ.

ಮೊದ್ಲು ಪುಸ್ತಕದ ಮಾಮೂಲಿ ಫೀಡ್‌ಬ್ಯಾಕ್ ಲೆಕ್ಕ ಕೊಟ್ಟೆ, ಭಾಗಾಕಾರದ ಮೇಲೆ ಕೆ (ಅದೇ ಗೇನ್, ಸಿಗ್ನಲ್‌ನ ಎಷ್ಟು ಪಟ್ಟು ಹಿಗ್ಗಿಸ್ಬೇಕು ಅನ್ನೋ ಅಂಕಿ), ಕೆಳಗೆ ಎಸ್, ಎಸ್ ಪ್ಲಸ್ 1, ಎಸ್ ಪ್ಲಸ್ 2 ಮೂರರ ಗುಣಲಬ್ಧ. ಕೆ 1 ಇಟ್ಟು ಶೋ ಮಾರ್ಜಿನ್ಸ್ ಕಮಾಂಡ್ ಹೊಡೆದ್ರೆ ಪ್ಲಾಟ್ ಮೇಲೇ ಎರಡೂ ಮಾರ್ಜಿನ್ ಗುರುತು ಹಾಕಿ ತೋರಿಸುತ್ತೆ. ಗೇನ್ ಮಾರ್ಜಿನ್ 15.6 ಡಿಬಿ, ಅಂದ್ರೆ 6 ಪಟ್ಟು, ಫೇಸ್ ಮಾರ್ಜಿನ್ (ಸಿಗ್ನಲ್ ಇನ್ನೆಷ್ಟು ಡಿಗ್ರಿ ಹಿಂದೆ ಬಿದ್ರೆ ಹತೋಟಿ ತಪ್ಪುತ್ತೆ ಅನ್ನೋದು) 53 ಡಿಗ್ರಿ ಚಿಲ್ಲರೆ. ಗಣೇಶನ ಪೆಂಡಾಲಲ್ಲಿ ಮೈಕ್ ವಾಲ್ಯೂಮ್ ಏರಿಸ್ತಾ ಹೋದ್ರೆ ಒಂದು ಹಂತದಲ್ಲಿ ಕೂಯ್ಯ್ ಅನ್ನುತ್ತಲ್ಲ, ಅಲ್ಲಿವರೆಗೂ ಇನ್ನೆಷ್ಟು ತಿರುಗಿಸ್ಬೋದು ಅನ್ನೋದೇ ಗೇನ್ ಮಾರ್ಜಿನ್ ಕಣೋ ಅಂದೆ, ಹುಡುಗ ನಂಬ್ಲಿಲ್ಲ, ಕೆ 6 ಹಾಕಿ ಸಿಮ್ಯುಲೇಟ್ ಮಾಡಿದ್ರೆ ನಿಲ್ಲದೆ ತೂಗಾಡೋಕೆ ಶುರು, 7 ಹಾಕಿದ್ರೆ ತೂಗಾಟ ಬೆಳೀತಾನೇ ಹೋಯ್ತು. ಆಗ ನಂಬ್ದ.

ಆದ್ರೆ ನಂಗೇ ಬುದ್ಧಿ ಬಂದಿದ್ದು ಕೆ 3 ಇಟ್ಟಾಗ. ಗೇನ್ ಮಾರ್ಜಿನ್ ಸರಿಯಾಗಿ 6 ಡಿಬಿ, ಅಂದ್ರೆ 2 ಪಟ್ಟು, ಅಷ್ಟಿದ್ರೆ ಸಾಕು ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದು. ಫೇಸ್ ಮಾರ್ಜಿನ್ ನೋಡಿದ್ರೆ ಬರೀ 20 ಡಿಗ್ರಿ! ಸ್ಟೆಪ್, ಅಂದ್ರೆ ಇನ್‌ಪುಟ್‌ನ ಒಮ್ಮೆಲೇ ಏರಿಸಿ, ಕೊಟ್ರೆ ಮುಟ್ಟಬೇಕಾದ ಮಟ್ಟಕ್ಕಿಂತ ಅರ್ಧಕ್ಕೂ ಜಾಸ್ತಿ ಮೇಲಕ್ಕೆ ಹಾರಿ, ಕುಣಿದು ಕುಣಿದು ಸುಸ್ತಾದ್ಮೇಲೆ ನಿಲ್ಲುತ್ತೆ. ಒಂದೇ ಮಾರ್ಜಿನ್ ನೋಡಿ ಸ್ಟೇಬಲ್ ಅಂತ ಸಹಿ ಹಾಕ್ಬಾರ್ದು ಅಂತ ಶೀಟ್ ಗೀಚೋವಾಗ ಒಂದಿನವೂ ಹೊಳೆದಿರ್ಲಿಲ್ಲ.

ಇನ್ನು ಹರ್ಟ್ಜ್ ಕಥೆ. ಪುಸ್ತಕದಲ್ಲಿ ಫೇಸ್ ಕ್ರಾಸೋವರ್ ಫ್ರೀಕ್ವೆನ್ಸಿ (ಫೇಸ್ ಮೈನಸ್ 180 ಡಿಗ್ರಿ ಮುಟ್ಟೋ ಜಾಗ) 1.414 ರೇಡಿಯನ್ ಪರ್ ಸೆಕೆಂಡ್, ಸೈಲ್ಯಾಬ್ ಹೇಳೋದು 0.225, ಯಾಕಂದ್ರೆ ಅದು ಹರ್ಟ್ಜ್‌ನಲ್ಲಿ ಕೊಡುತ್ತೆ. ಹುಡುಗ ತನ್ನ ಲೆಕ್ಕವೇ ತಪ್ಪು ಅಂದ್ಕೊಂಡು ಅರ್ಧ ಗಂಟೆ ಒದ್ದಾಡಿದ, ನಾನೂ ಜೊತೆಗೆ. 2 ಪೈನಿಂದ ಗುಣಿಸಿದ್ರೆ ಸರಿಹೋಗುತ್ತೆ. ಬೋಡೆ ಕಮಾಂಡಿಗೆ ರ್ಯಾಡ್ ಅನ್ನೋ ಆಪ್ಷನ್ ಇದೆ ಸರಿ, ಆದ್ರೆ ಗೇನ್, ಫೇಸ್ ಮಾರ್ಜಿನ್‌ನ ಬರೀ ಅಂಕಿಯಲ್ಲಿ ಕೊಡೋ ಜಿ ಮಾರ್ಜಿನ್ ಪಿ ಮಾರ್ಜಿನ್ ಕಮಾಂಡ್‌ಗಳು ಹರ್ಟ್ಜ್ ಬಿಡಲ್ಲ. ಒಂದು ಸ್ಟಾರ್ ಇದಕ್ಕೇ ಕಟ್, ಉಳಿದ 4 ಕೊಡ್ತೀನಿ.

ಡಿಲೇ ಇರೋ, ಅಂದ್ರೆ ಸಿಗ್ನಲ್ ತಡವಾಗಿ ತಲುಪೋ ಸಿಸ್ಟಮ್‌ಗೆ ಮಾತ್ರ ಕೈಲೆಕ್ಕ ಬಿಡೋ ಹಾಗಿಲ್ಲ, ಪಾಲಿನಾಮಿಯಲ್ ಭಾಗಾಕಾರದೊಳಗೆ ಡಿಲೇ ಕೂರಲ್ವಲ್ಲ. ಎಷ್ಟು ತಡ ತಡ್ಕೊಳ್ಳುತ್ತೆ ಅಂತ ನೋಡೋಕೆ ಫೇಸ್ ಮಾರ್ಜಿನ್ನನ್ನ ರೇಡಿಯನ್ ಮಾಡಿ ಗೇನ್ ಕ್ರಾಸೋವರ್ ಫ್ರೀಕ್ವೆನ್ಸಿಯಿಂದ (ಗೇನ್ 1 ಆಗೋ ಜಾಗ) ಭಾಗಿಸಿ, ಕೆ 1ಕ್ಕೆ 0.932 ಭಾಗಿಸು 0.446, ಹತ್ರತ್ರ 2.1 ಸೆಕೆಂಡ್ ಬರುತ್ತೆ. ಅಷ್ಟು ತಡ ಆದ್ರೆ 53 ಡಿಗ್ರಿನೂ ಖಾಲಿ. ಭಾಗಿಸೋ ಮುಂಚೆ ಹರ್ಟ್ಜ್‌ನ ರೇಡಿಯನ್‌ಗೆ ತಿರುಗಿಸೋದು ಮರೀಬೇಡಿ, ನಾನು ಅಲ್ಲೂ ಮರ್ತಿದ್ದೆ.