ಅರ್ಧ ಮಿಲಿಮೀಟರ್ ಹೆಚ್ಚಿನ ಪ್ಯಾಡು, ಒಂದು ಗ್ರಾಫಿಕ್ಸ್ ಕಾರ್ಡು

ನಾನು ತೀರ್ಥಹಳ್ಳಿಯಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಕಳೆದ ಬೇಸಿಗೆಯಲ್ಲಿ, ಲಗ್ನಗಳ ಭರಾಟೆಯ ನಡುವೆಯೇ, ನನ್ನ ಗ್ರಾಫಿಕ್ಸ್ ಕಾರ್ಡ್ ಕೆಟ್ಟುಹೋಯಿತು. ಅದು ತಾನಾಗಿ ಕೆಟ್ಟದ್ದಲ್ಲ, ಚಿಪ್ಪುಗಳ ಶಾಖವನ್ನು ಹೀಟ್‌ಸಿಂಕಿಗೆ, ಅಂದರೆ ಬಿಸಿ ಹೊರಹಾಕುವ ಲೋಹದ ಭಾಗಕ್ಕೆ, ದಾಟಿಸುವ ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್ ಬದಲಿಸಲು ಹೋಗಿ ಕೆಡಿಸಿಕೊಂಡದ್ದು. ಇದರಲ್ಲಿ ಶಿವಮೊಗ್ಗದ ಒಂದು ಅಂಗಡಿಯ ಪಾಲು ಎಷ್ಟಿದೆಯೋ ನನ್ನ ಅವಸರದ ಪಾಲೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಕಾರ್ಡು 10 ಜಿಬಿಯ ಆರ್‌ಟಿಎಕ್ಸ್ 3080, ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡಿನ ಲೆಕ್ಕಾಚಾರದಿಂದ ಗಳಿಸುವ ಮೈನಿಂಗ್ ನಿಂತುಹೋದ ಮೇಲೆ ಇಂತಹ ಕಾರ್ಡುಗಳು ರಾಶಿ ರಾಶಿಯಾಗಿ ಮಾರಾಟಕ್ಕೆ ಬಂದವು. ನನ್ನದೂ ಬಹುಶಃ ಅದೇ ರಾಶಿಯದು. ಮೈನಿಂಗ್ ಹೆಚ್ಚಾಗಿ ದುಡಿಸುವುದು ಮೆಮೊರಿ ಚಿಪ್ಪುಗಳನ್ನು. ಹಗಲಿರುಳು ಕಾದು ಕಾದು, ಅವುಗಳ ಮೇಲಿನ ಪ್ಯಾಡುಗಳು ಸಿಲಿಕೋನ್ ಎಣ್ಣೆ ಬಿಟ್ಟು ಗಟ್ಟಿಯಾಗುತ್ತವೆ. ಈ ಕಾರ್ಡಿನಲ್ಲಿರುವ ಜಿಡಿಡಿಆರ್6ಎಕ್ಸ್ ಮೆಮೊರಿ ಮೊದಲೇ ಬಿಸಿ ಸ್ವಭಾವದ್ದು. 110 ಡಿಗ್ರಿ ಮುಟ್ಟಿದರೆ ಕಾರ್ಡು ತಾನೇ ವೇಗ ಇಳಿಸಿಕೊಳ್ಳುತ್ತದೆ. ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವ ಕೆಲಸ) ಹಚ್ಚಿದಾಗ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ನನಗೆ ಕಾಣುತ್ತಿದ್ದ ಉಷ್ಣಾಂಶದ ಅಂಕಿಗಳು ಹೀಗಿದ್ದವು: ಮುಖ್ಯ ಚಿಪ್ಪು 72, ಹಾಟ್‌ಸ್ಪಾಟ್ 86, ಮೆಮೊರಿ 106.

ಈ ಮೂರು ಅಂಕಿಗಳನ್ನು ಸರಿಯಾಗಿ ಓದಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತಿತ್ತು. ಮುಖ್ಯ ಚಿಪ್ಪಿನ ಒಳಗೆ ಹಲವು ಕಡೆ ಸೆನ್ಸರುಗಳಿದ್ದು, ಅವುಗಳಲ್ಲಿ ಅತಿ ಬಿಸಿಯಾದ ಜಾಗದ ಅಂಕಿಯೇ ಹಾಟ್‌ಸ್ಪಾಟ್. ಅದಕ್ಕೂ ಚಿಪ್ಪಿನ ಸಾಮಾನ್ಯ ಉಷ್ಣಾಂಶಕ್ಕೂ 10ರಿಂದ 15 ಡಿಗ್ರಿ ಅಂತರವಿದ್ದರೆ ಪೇಸ್ಟು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ನನ್ನ ಕಾರ್ಡಿನಲ್ಲಿ ಅಂತರ 14 ಮಾತ್ರ ಇತ್ತು. ಕೆಟ್ಟಿದ್ದದ್ದು ಪ್ಯಾಡು, ಆದರೆ ನಾನು ವಾರಗಟ್ಟಲೆ ಓದಿದ್ದು ಯಾವ ಕಂಪನಿಯ ಪೇಸ್ಟು ಒಳ್ಳೆಯದು ಎಂಬುದನ್ನು.

ಪೇಸ್ಟಿಗೂ ಪ್ಯಾಡಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪೇಸ್ಟು ಇರುವುದು ಒಂದಕ್ಕೊಂದು ಒತ್ತಿಕೊಂಡಿರುವ ಎರಡು ಮೈಗಳ ನಡುವಿನ ಕಣ್ಣಿಗೆ ಕಾಣದ ಉಬ್ಬುತಗ್ಗು ತುಂಬಲು. ಪ್ಯಾಡು ಇರುವುದು ಹೀಟ್‌ಸಿಂಕಿಗೂ ಮೆಮೊರಿ ಚಿಪ್ಪಿಗೂ ನಡುವೆ ತಯಾರಕರೇ ಬಿಟ್ಟಿರುವ ಸಂದಿಯನ್ನು ಮುಚ್ಚಲು. ಆ ಸಂದಿ ಒಂದೊಂದು ಮಾದರಿಯಲ್ಲಿ ಒಂದೊಂದು ಬಗೆ. ಒಂದೇ ಕಾರ್ಡಿನಲ್ಲಿಯೂ ಮೆಮೊರಿಯ ಮೇಲೆ ಒಂದು ದಪ್ಪ, ವಿದ್ಯುತ್ ಪೂರೈಸುವ ಭಾಗಗಳ ಮೇಲೆ ಇನ್ನೊಂದು ದಪ್ಪ ಇರಬಹುದು. ಪ್ಯಾಡು ತೆಳುವಾದರೆ ಮೆಮೊರಿಗೆ ಹೀಟ್‌ಸಿಂಕು ತಾಗುವುದಿಲ್ಲ. ದಪ್ಪವಾದರೆ, ಕಾಲಿನ ಕೆಳಗೆ ಕಲ್ಲು ಸಿಕ್ಕಿಕೊಂಡ ಮೇಜಿನಂತೆ ಇಡೀ ಹೀಟ್‌ಸಿಂಕು ಮೇಲಕ್ಕೆ ಎದ್ದು ನಿಂತು, ಎಲ್ಲಕ್ಕಿಂತ ಹೆಚ್ಚು ಶಾಖ ಹೊರಹಾಕುವ ಮುಖ್ಯ ಚಿಪ್ಪಿಗೇ ಸರಿಯಾಗಿ ಕೂರುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಆಗ ಕೂರಿಸಲು ಸ್ಕ್ರೂಗಳನ್ನು ಬಲವಾಗಿ ಬಿಗಿದು ಬೋರ್ಡನ್ನೇ ಬಾಗಿಸುತ್ತಾರೆ.

ಅಂಗಡಿಯಲ್ಲಿ ಆದದ್ದು ಇದೇ. ಯಾವ ಜಾಗಕ್ಕೆ ಎಷ್ಟು ದಪ್ಪದ ಪ್ಯಾಡು ಎಂದು ಕೇಳಿದಾಗ ಅವರು, "ಎಲ್ಲಾ ಕಡೆ 2 ಎಂಎಂ ಹಾಕ್ತೀವಿ ಸಾರ್, ದಪ್ಪ ಇದ್ದಷ್ಟೂ ಚೆನ್ನಾಗಿ ಕೂತ್ಕೊಳತ್ತೆ" ಎಂದರು. 60 ಕಿಲೋಮೀಟರ್ ಬಸ್ಸಿನಲ್ಲಿ ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವನಿಗೆ ಆ ಮಾತಿಗೆ ಎದುರಾಡಿ ವಾಪಸ್ ಹೊರಡುವ ಮನಸ್ಸಾಗಲಿಲ್ಲ. ಎರಡು ನಿಮಿಷ ಓಡಿಸಿ ಮುಖ್ಯ ಚಿಪ್ಪಿನ ಉಷ್ಣಾಂಶವೊಂದನ್ನೇ ತೋರಿಸಿದರು, ನಾನು 1,800 ರೂಪಾಯಿ ಕೊಟ್ಟು ಬಂದೆ. ತೆಗೆದ ಹಳೆಯ ಪ್ಯಾಡುಗಳು ಅವರ ಕಸದ ಬುಟ್ಟಿಗೆ ಹೋದವು. ಈ ಕಾರ್ಡಿನ ನಿಜವಾದ ಅಳತೆ ಉಳಿದಿದ್ದದ್ದು ಆ ಪ್ಯಾಡುಗಳಲ್ಲಿ ಮಾತ್ರ ಎಂಬುದು ಆಗ ಹೊಳೆಯಲಿಲ್ಲ.

ಮನೆಯಲ್ಲಿ ಇಪ್ಪತ್ತು ನಿಮಿಷದ ರೆಂಡರ್ ಹಚ್ಚಿದಾಗ ಮೆಮೊರಿ 88ಕ್ಕೆ ಇಳಿದಿತ್ತು. ಒಂದೇ ಏಟಿಗೆ 18 ಡಿಗ್ರಿ ಇಳಿದದ್ದನ್ನು ಕಂಡು ಬಹಳ ಸಂತೋಷಪಟ್ಟೆ. ಅದರ ಮೇಲಿನ ಸಾಲಿನಲ್ಲಿ ಮುಖ್ಯ ಚಿಪ್ಪು 81, ಹಾಟ್‌ಸ್ಪಾಟ್ 108 ಎಂದಿದ್ದದ್ದು, ಅಂದರೆ ಅಂತರ 27ಕ್ಕೆ ಏರಿದ್ದದ್ದು, ಫ್ಯಾನುಗಳು ಜೀರುಂಡೆಯಂತೆ ಕಿರುಚತೊಡಗಿದ ಮೇಲಷ್ಟೇ ಗಮನಕ್ಕೆ ಬಂತು. ಫೋನ್ ಮಾಡಿದರೆ, "ಬೇಸಿಗೆ ಅಲ್ವಾ ಸಾರ್, ಎಲ್ಲರದ್ದೂ ಹಾಗೇ. ಬೇಕಾದ್ರೆ ತಗೊಂಡ್ಬನ್ನಿ, 3 ಎಂಎಂ ಹಾಕ್ಕೊಡ್ತೀನಿ" ಎಂಬ ಉತ್ತರ ಬಂತು. ಬೇಸಿಗೆಯ ಸೆಕೆ ಎಲ್ಲ ಅಂಕಿಗಳನ್ನೂ ಒಟ್ಟಿಗೆ ಏರಿಸಬಹುದೇ ಹೊರತು, ಮೆಮೊರಿಯನ್ನು ಇಳಿಸಿ ಹಾಟ್‌ಸ್ಪಾಟನ್ನು ಮಾತ್ರ ಏರಿಸಲಾರದು.

ಮೂರನೆಯ ದಿನ ನಾನೇ ಬಿಚ್ಚಿದೆ. ಮುಖ್ಯ ಚಿಪ್ಪಿನ ಕನ್ನಡಿಯಂತಹ ಮೈಯ ಒಂದು ಅಂಚಿನಲ್ಲಿ ಪೇಸ್ಟು ತೆಳ್ಳಗೆ ಹರಡಿ ಲೋಹದ ಹೊಳಪು ಕಾಣುತ್ತಿತ್ತು. ಎದುರಿನ ಅಂಚಿನಲ್ಲಿ ರೊಟ್ಟಿಯ ಮೇಲೆ ಇಟ್ಟ ಬೆಣ್ಣೆಯಂತೆ ಹಾಕಿದ ಹಾಗೆಯೇ ಕುಳಿತಿತ್ತು. ಪ್ಯಾಡುಗಳ ಮೇಲೆ ಮೆಮೊರಿ ಚಿಪ್ಪುಗಳ ಚೌಕದ ಅಚ್ಚು ಎಷ್ಟು ಆಳವಾಗಿ ಮೂಡಿತ್ತೆಂದರೆ ಚಿಪ್ಪಿನ ಮೇಲಿನ ಅಕ್ಷರಗಳ ಗುರುತೂ ಅಲ್ಲಿತ್ತು. ಬರಿಯ ಬೋರ್ಡಿನ ಅಂಚಿಗೆ ಸ್ಟೀಲ್ ಸ್ಕೇಲ್ ಹಿಡಿದು ಕಿಟಕಿಯ ಕಡೆಗೆ ಎತ್ತಿದಾಗ ನಡುವೆ ಬೆಳಕು ತೂರಿ ಬಂತು. ಬೋರ್ಡು ಬಾಗಿತ್ತು.

ಮೆಮೊರಿಯ ಒಂದು ಮೂಲೆಯಲ್ಲಿ ಅಂಗಡಿಯವರು ಕೀಳದೆ ಬಿಟ್ಟಿದ್ದ ಹಳೆಯ ಪ್ಯಾಡಿನ ಉಗುರಗಲದ ತುಣುಕೊಂದು ಸಿಕ್ಕಿತು. ನಮ್ಮ ಬೀದಿಯಲ್ಲಿ ಅಡಿಕೆ ಸುಲಿಯುವ ಯಂತ್ರಗಳನ್ನು ರಿಪೇರಿ ಮಾಡುವವರ ವರ್ನಿಯರ್ ತಂದು, ಒತ್ತದೆ ಅಳೆದಾಗ 1.4 ಬಂತು. ಒತ್ತಿ ಒತ್ತಿ ಸವೆದದ್ದನ್ನು ಲೆಕ್ಕ ಹಾಕಿದರೆ ಮೂಲ ದಪ್ಪ 1.5. ಎಲ್ಲ ಅನಾಹುತ ಆದದ್ದು ಆ ಅರ್ಧ ಮಿಲಿಮೀಟರಿನಿಂದ, ಜೊತೆಗೆ ಆ ಪ್ಯಾಡು ಕುಗ್ಗದ ಗಟ್ಟಿ ಜಾತಿಯದಾಗಿದ್ದರಿಂದ. ಪೊಟ್ಟಣದ ಮೇಲೆ ಶಾಖ ಸಾಗಿಸುವ ಸಾಮರ್ಥ್ಯ 12.8 ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಪ್ಯಾಡು ಎಷ್ಟು ಮೆದು ಎಂಬುದೂ ಅಷ್ಟೇ ಮುಖ್ಯವಾದ ಮಾಹಿತಿ, ಆದರೆ ಅದನ್ನು ನಾವೇ ಹುಡುಕಿ ತಿಳಿಯಬೇಕು.

ನನ್ನ ಸ್ವಂತ ತಪ್ಪನ್ನೂ ಹೇಳಿಬಿಡುತ್ತೇನೆ. ಹೀಟ್‌ಸಿಂಕನ್ನು ಎತ್ತುವಾಗ ಫ್ಯಾನಿನ ವೈರು ಇನ್ನೂ ಬೋರ್ಡಿಗೆ ಸಿಕ್ಕಿಕೊಂಡಿದ್ದದ್ದನ್ನು ನೋಡದೆ ಎಳೆದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಬಿಳಿಯ ಕನೆಕ್ಟರ್ ಬುಡಸಮೇತ ಕಿತ್ತು ಬಂತು. ಕೆಲವು ನಿಮಿಷ ಕಾರ್ಡನ್ನು ಓಡಿಸಿ ಬೆಚ್ಚಗಿರುವಾಗಲೇ ಬಿಚ್ಚಿದ್ದರೆ ಹೀಟ್‌ಸಿಂಕು ಮೆಲ್ಲಗೆ ಬಿಡುತ್ತಿತ್ತು, ನಾನು ಅಷ್ಟು ಬಲ ಹಾಕಬೇಕಾಗುತ್ತಿರಲಿಲ್ಲ. ಹಳೆಯ ಪೇಸ್ಟನ್ನು ಒರೆಸಲು ಮನೆಯಲ್ಲಿದ್ದ ಹ್ಯಾಂಡ್ ಸ್ಯಾನಿಟೈಸರ್ ಕೈಗೆತ್ತಿಕೊಂಡಿದ್ದೆ. ಅದರಲ್ಲಿ ಗ್ಲಿಸರಿನ್ ಇರುತ್ತದೆ ಎಂಬುದು ನೆನಪಾಗಿ ಸದ್ಯ ಬಿಟ್ಟೆ. ಅದಕ್ಕೆ ಬೇಕಾದದ್ದು 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲ್.

1.5ರ ಮೆದು ಪ್ಯಾಡು ತರಿಸಿ, ಕನೆಕ್ಟರ್ ಬೆಸುಗೆ ಹಾಕಿಸಿ, ಚಿಪ್ಪಿನ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ ಮೇಲೆ ಚಿಪ್ಪು 71, ಹಾಟ್‌ಸ್ಪಾಟ್ 84, ಮೆಮೊರಿ 86 ಬಂತು. ಎಲ್ಲ ಸರಿಹೋಯಿತು ಎಂದುಕೊಂಡಿದ್ದಾಗ, ನಾಲ್ಕನೆಯ ದಿನ ಧಾರೆಯ ದೃಶ್ಯದ ಮೇಲೆ ಹಸಿರು, ನೇರಳೆ ಬಣ್ಣದ ಚೌಕಗಳು ಕುಣಿಯತೊಡಗಿದವು. ಬೆಂಗಳೂರಿನಲ್ಲಿ ಚಿಪ್ ಮಟ್ಟದ ರಿಪೇರಿ ಮಾಡುವವರೊಬ್ಬರು ಪರೀಕ್ಷಿಸಿ, ಬೋರ್ಡು ಬಾಗಿದ್ದರಿಂದ ಒಂದು ಮೆಮೊರಿ ಚಿಪ್ಪಿನ ಕೆಳಗಿನ ಬೆಸುಗೆ ಬಿರಿದಿದೆ ಎಂದರು. ಚಿಪ್ಪನ್ನು ಎತ್ತಿ ಮತ್ತೆ ಬೆಸೆಯಲು 7,500 ರೂಪಾಯಿ, ಮೂರು ವಾರ, ಗ್ಯಾರಂಟಿ ಇಲ್ಲ. ಎರಡು ಮದುವೆಗಳ ವಿಡಿಯೊ ಮಳೆ ಹಿಡಿದ ಮೇಲೆ ಕೈಸೇರಿಸಿದೆ. ಒಂದು ಮನೆಯವರು ಬಾಕಿ ಹಣವನ್ನು ಇನ್ನೂ ಕೊಟ್ಟಿಲ್ಲ, ಕೇಳಲು ನನಗೂ ಮುಖವಿಲ್ಲ.

ಆದ್ದರಿಂದ, ಕಾರ್ಡು ವಾರಂಟಿಯಲ್ಲಿದ್ದರೆ ದಯವಿಟ್ಟು ಸ್ಕ್ರೂ ಮುಟ್ಟಬೇಡಿ. ವಾರಂಟಿ ಮುಗಿದಿದ್ದು ಅಂಗಡಿಗೆ ಕೊಡುವುದಾದರೆ ಮೂರೂ ಅಂಕಿಗಳ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ, ಯಾವ ಜಾಗಕ್ಕೆ ಎಷ್ಟು ದಪ್ಪ ಎಂದು ಬರೆದುಕೊಡಲು ಹೇಳಿ, ಹಳೆಯ ಪ್ಯಾಡುಗಳನ್ನು ಕೇಳಿ ಪಡೆಯಿರಿ, ಇಪ್ಪತ್ತು ನಿಮಿಷ ಓಡಿಸಿ ಹಾಟ್‌ಸ್ಪಾಟ್ ನೋಡಿದ ಮೇಲೆಯೇ ದುಡ್ಡು ಕೊಡಿ. ದಪ್ಪ ಗೊತ್ತೇ ಇಲ್ಲದಿದ್ದರೆ, ಕಲಸಿದ ಹಿಟ್ಟಿನಂತೆ ಸಂದಿಗೆ ತಕ್ಕಷ್ಟು ಕುಗ್ಗುವ ಥರ್ಮಲ್ ಪುಟ್ಟಿ ಬಳಸುವುದು ಪ್ಯಾಡಿಗಿಂತ ವಾಸಿ. ಮುಖ್ಯ ಚಿಪ್ಪಿನ ಮೇಲೆ ತೆಳುವಾದ ಪೇಸ್ಟು, ಕಾದು ಆರುವ ಏರಿಳಿತಕ್ಕೆ ಕೆಲವು ತಿಂಗಳಲ್ಲಿ ಅಂಚಿಗೆ ಸರಿದುಹೋಗುವುದುಂಟು. ಹನಿವೆಲ್‌ನ ಪಿಟಿಎಂ7950ರಂತಹ, ಸುಮಾರು 45 ಡಿಗ್ರಿಗೆ ಮೆತ್ತಗಾಗುವ ಹಾಳೆ ಅಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ (ದ್ರವರೂಪದ ಲೋಹ) ಹಾಕುತ್ತೇವೆ ಎಂದರೆ ಕಾರ್ಡು ತೆಗೆದುಕೊಂಡು ಎದ್ದು ಬನ್ನಿ. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಚಿಪ್ಪಿನ ಸುತ್ತಲಿನ ಪುಟ್ಟ ಕೆಪಾಸಿಟರುಗಳ ಮೇಲೆ ಹರಿದರೆ ಶಾರ್ಟ್ ಆಗುತ್ತದೆ.

ನನ್ನ ಕಾರ್ಡು ಸದ್ಯ ಮೆಮೊರಿಯ ವೇಗವನ್ನು ಸ್ವಲ್ಪ ಇಳಿಸಿದ ಸ್ಥಿತಿಯಲ್ಲಿ ಓಡುತ್ತಿದೆ. ಇಳಿಸದಿದ್ದರೆ ಅರ್ಧ ಗಂಟೆಯೊಳಗೆ ಆ ಹಸಿರು ಚೌಕಗಳು ಮತ್ತೆ ಬರುತ್ತವೆ.